ಕಡವೆಗೆ ಯಾವ ತೋಟೆ ಎಂದು ಕೇಳಿದ ಅಳಿಯನಿಗೆ

ತಮಾ,

ಜಿಂಕೆ, ಕಡವೆಗೆ ಎಷ್ಟು ಬೋರಿನ ರೈಫಲು ಬೇಕು, ತೋಟೆ ಯಾವುದು ಎಂದು ಕೇಳಿದ್ದೀಯಲ್ಲ, ಅದಕ್ಕೆ "ಬೇಡ" ಎಂಬ ಒಂದೇ ಮಾತು ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಬೇಡ ಎಂದಷ್ಟೇ ಕೇಳಿಸಿಕೊಂಡ ಹುಡುಗರು ಮುಂದೆ ಗೊತ್ತಿಲ್ಲದವರ ಹತ್ತಿರ ಹೋಗಿ ಕೇಳುತ್ತಾರೆ. ನಿನ್ನ ಚಿಕ್ಕಮ್ಮನ ಮಗ ಪೆನ್ಸಿಲ್ವೇನಿಯದಿಂದ ಕಿತ್ತಳೆ ಬಣ್ಣದ ಅಂಗಿ ತೊಟ್ಟು ಜಿಂಕೆಯ ಪಕ್ಕ ಕೂತ ಫೋಟೊ ಕಳಿಸುತ್ತಾನೆ. ನಿಮ್ಮ ಮನೆಯ ಜಗಲಿಯ ಒಳಕೋಣೆಯಲ್ಲಿ ಅಜ್ಜನ ಕಾಲದ ಕೋವಿ ಇದೆ. ಎರಡನ್ನೂ ನೋಡಿದ ಇಪ್ಪತ್ತೆರಡರ ಹುಡುಗನಿಗೆ ಈ ಪ್ರಶ್ನೆ ಬರುವುದು ಸಹಜ. ಹಾಗಾಗಿ ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ. ತಾಳ್ಮೆಯಿಂದ ಓದು.

ಮೊದಲು, ಯಾವ ಜಿಂಕೆ? ಭಟ್ಕಳದ ಹಾಡುವಳ್ಳಿಯಿಂದ ಹಿಡಿದು ಗೇರುಸೊಪ್ಪೆಯ ಕಣಿವೆ, ಕುಮಟೆಯ ಸಂತೆಗುಳಿ, ದೇವಿಮನೆ ಘಟ್ಟದವರೆಗೆ ನಮ್ಮ ಕಾಡಿನಲ್ಲಿ ಈ ಹೆಸರಿನಡಿ ಬರುವ ಪ್ರಾಣಿ ಒಂದೇ ಅಲ್ಲ. ಬರಿಂಕ ಮೂರು ಕಿಲೋ ತೂಗುವುದೂ ಕಷ್ಟ, ಮೊಲಕ್ಕಿಂತ ಸ್ವಲ್ಪ ದೊಡ್ಡದು. ಕಾಡುಕುರಿ ಇಪ್ಪತ್ತು ಇಪ್ಪತ್ತೈದು ಕಿಲೋ. ಚುಕ್ಕೆಜಿಂಕೆಯ ಗಂಡು ಎಪ್ಪತ್ತು ಎಂಬತ್ತರ ಹತ್ತಿರ. ಬೆಳೆದ ಗಂಡು ಕಡವೆ ಇನ್ನೂರು ಕಿಲೋ ದಾಟುತ್ತದೆ. ಮೂಳೆ, ಚರ್ಮ, ಎದೆಗೂಡಿನ ಆಳ ಎಲ್ಲವೂ ಇಷ್ಟು ಬೇರೆಯಾಗಿರುವಾಗ ಎಲ್ಲಕ್ಕೂ ಒಂದೇ ಬೋರು ಹೇಳುವವನು ಇವುಗಳನ್ನು ಹತ್ತಿರದಿಂದ ನೋಡಿದವನಲ್ಲ.

ಜಿಂಕೆಬೇಟೆಗೆ ಕಾನೂನಿನ ಒಪ್ಪಿಗೆ ಇರುವ ದೇಶಗಳಲ್ಲಿ ಈ ಆಯ್ಕೆಯನ್ನು ಬೇಟೆಗಾರನ ಇಷ್ಟಕ್ಕೆ ಬಿಟ್ಟಿಲ್ಲ ಎಂಬುದನ್ನು ಗಮನಿಸು. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆಯ ಪ್ರಕಾರ ನಳಿಗೆಯ ಒಳಗಾತ್ರ .240 ಇಂಚಿಗಿಂತ ಕಡಿಮೆ ಇರುವ ರೈಫಲಾಗಲಿ, ನಳಿಗೆಯ ಬಾಯಲ್ಲಿ 1,700 ಅಡಿ-ಪೌಂಡಿಗಿಂತ ಕಡಿಮೆ ಶಕ್ತಿಯ ಗುಂಡಾಗಲಿ, ತೀರ ಸಣ್ಣ ಜಾತಿಗಳನ್ನು ಬಿಟ್ಟರೆ, ಜಿಂಕೆಗೆ ಸಲ್ಲದು. ಗುಂಡಿನ ಮೂತಿ ಮೆತ್ತಗಿನ ಸೀಸದ್ದಾಗಿರಬೇಕು ಅಥವಾ ಟೊಳ್ಳಾಗಿರಬೇಕು. ಮೈಯೊಳಗೆ ಹೊಕ್ಕ ಗುಂಡು ಅರಳಿ ಅಲ್ಲೇ ಕೆಲಸ ಮುಗಿಸಬೇಕು, ಆಚೆಗೆ ಸಣ್ಣ ತೂತು ಕೊರೆದು ಹೊರಟುಹೋಗಬಾರದು. ಪೆನ್ಸಿಲ್ವೇನಿಯದ ಆ ತಮ್ಮನಿರುವ ಕಡೆ .243, .308, .30-06 ಎಂಬ ಹೆಸರು ಕೇಳಿರುತ್ತೀ. ಅಲ್ಲಿನ ಬಿಳಿಬಾಲದ ಜಿಂಕೆಗೆ ಅವೆಲ್ಲ ಸರಿಯೇ. .30-06ರ 150 ಗ್ರೇನಿನ ಗುಂಡು, ಅಂದರೆ ಹತ್ತು ಗ್ರಾಮಿಗೆ ತುಸು ಕಡಿಮೆ ತೂಕದ್ದು, ಸೆಕೆಂಡಿಗೆ 880 ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. .22ರ ಸಣ್ಣ ತೋಟೆಯ ಶಕ್ತಿ ಅದರ ಇಪ್ಪತ್ತನೇ ಒಂದು ಪಾಲೂ ಇಲ್ಲ. ಹೀಗಾಗಿ ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ .22 ಹಿಡಿದು ಜಿಂಕೆಗೆ ಹೋದರೆ ಅಪರಾಧ. ಸದ್ದು ಕಡಿಮೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ನಮ್ಮಲ್ಲಿ ಕೆಲವರು ಅದನ್ನೇ ಹೊಗಳುತ್ತಾರೆ. ಆ ಹೊಗಳಿಕೆಯಲ್ಲೇ ಎಲ್ಲವೂ ಹೊರಬೀಳುತ್ತದೆ.

ಈ ಎಲ್ಲ ಅಳತೆಗಳ ಹಿಂದೆ ಇರುವುದು ಒಂದೇ ಕಾಳಜಿ. ಹೊಡೆದರೆ ಪ್ರಾಣಿ ಅಲ್ಲೇ ಬೀಳಬೇಕು, ಗಾಯ ಹೊತ್ತು ಓಡಬಾರದು. ಹೃದಯ, ಶ್ವಾಸಕೋಶ ಇರುವ ಜಾಗ ಕಡವೆಯಲ್ಲೂ ಅಂಗೈ ಅಗಲಿಸಿ ಎರಡು ಸಲ ಇಟ್ಟಷ್ಟೇ. ಅಲ್ಲಿಗೆ ತಗುಲದ ಈಡು ಹೊಟ್ಟೆ ಹರಿಯುತ್ತದೆ, ಕಾಲು ಮುರಿಯುತ್ತದೆ, ದವಡೆ ಕಿತ್ತುಹಾಕುತ್ತದೆ. ದವಡೆ ಹೋದ ಜಿಂಕೆ ಆ ದಿನ ಸಾಯುವುದಿಲ್ಲ. ಮೇಯಲಾರದೆ, ನೀರು ಕುಡಿಯಲಾರದೆ ಎಷ್ಟೋ ದಿನ ನರಳಿ ಸಾಯುತ್ತದೆ. ಬೋರು, ತೋಟೆ ಎಂಬ ಮಾತು ಎತ್ತಿದವನು ಮೊದಲು ಇದನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಇದನ್ನು ಬಿಟ್ಟು ಮಾತಾಡಿದರೆ ಅದು ಕಬ್ಬಿಣದ ಮಾತಷ್ಟೇ.

ಈಗ ನಿಮ್ಮ ಮನೆಯ ಕೋವಿಯ ವಿಷಯಕ್ಕೆ ಬರೋಣ. ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ರೈತರ ಹೆಸರಿನಲ್ಲಿ ಇರುವ ಪರವಾನಗಿ ಕೋವಿಗಳಲ್ಲಿ ಹೆಚ್ಚಿನವು ಎರಡೇ ಬಗೆ. ಒಂದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ. ಇನ್ನೊಂದು 12 ಬೋರಿನ ತೋಟೆಕೋವಿ, ಒಂಟಿನಳಿಗೆಯದೋ ಜೋಡುನಳಿಗೆಯದೋ. ಇದು ಸುಮ್ಮನೆ ಆದದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನಲ್ಲೇ ಈ ವಿಚಾರ ಇದೆ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ನುಣುಪು ನಳಿಗೆಯ ಕೋವಿಯನ್ನು ರಕ್ಷಣೆಗೋ ಕ್ರೀಡೆಗೋ, ಬಾಯಿಯಿಂದ ತುಂಬುವ ಕೋವಿಯನ್ನು ನಿಜವಾದ ಬೆಳೆರಕ್ಷಣೆಗೋ ಕೇಳಿದ ನಾಗರಿಕನಿಗೆ ಪರವಾನಗಿ ಕೊಡಬೇಕೆಂದು ಅದು ಹೇಳುತ್ತದೆ. ನಿನ್ನ ಅಜ್ಜನ ಪುಸ್ತಕದಲ್ಲಿ "ಬೆಳೆ ರಕ್ಷಣೆ" ಎಂದು ಬರೆದಿರುವುದು ಆ ಕಾರಣಕ್ಕೆ.

12 ಬೋರು ಎಂದರೇನು ಎಂದು ತಿಳಿದಿರು. ಒಂದು ಪೌಂಡು ಸೀಸದಲ್ಲಿ ಸಮತೂಕದ ಹನ್ನೆರಡು ಉರುಟು ಗುಂಡು ಹೊಯ್ದರೆ ಒಂದು ಗುಂಡಿನ ಅಡ್ಡಳತೆ ಎಷ್ಟೋ ನಳಿಗೆಯ ಒಳಗಾತ್ರ ಅಷ್ಟು, ಸುಮಾರು 18.5 ಮಿಲಿಮೀಟರು. ಈ ಕೋವಿಯ ತೋಟೆಯಲ್ಲಿ ಸಾಮಾನ್ಯವಾಗಿ ಇರುವುದು ಚರೆ. ನಾಲ್ಕನೇ ನಂಬರಿನ ಚರೆ 3 ಮಿಲಿಮೀಟರಿನ ಆಸುಪಾಸು, ಬಿಬಿ 4ರ ಹತ್ತಿರ, ಎಸ್‌ಜಿ 8 ದಾಟುತ್ತದೆ, ಎಲ್‌ಜಿ 9. ಪುಣೆಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟೆಯ ಡಬ್ಬಿಯ ಮೇಲೆ ಈ ಅಕ್ಷರಗಳನ್ನೇ ನೀನು ನೋಡಿರುವುದು. ಎಲ್‌ಜಿ ತೋಟೆಯಲ್ಲಿ ದಪ್ಪ ಚರೆ ಬೆರಳೆಣಿಕೆಯಷ್ಟು ಮಾತ್ರ ಹಿಡಿಯುತ್ತವೆ. ಚೋಕಿಲ್ಲದ, ಅಂದರೆ ಬಾಯಿ ಕಿರಿದು ಮಾಡಿರದ ನಳಿಗೆಯಿಂದ ಅವು ಹೋದಷ್ಟೂ ಹರಡುತ್ತವೆ. ನಲವತ್ತು ಮೀಟರಿಗೆ ಒಂದು ಮೀಟರಿನಷ್ಟು ಅಗಲಕ್ಕೆ ಚದುರಿದರೆ ಪ್ರಾಣಿಯ ಮೈಗೆ ಬೀಳುವುದು ಒಂದೋ ಎರಡೋ, ಅದೂ ಎಲ್ಲೋ. ಇಪ್ಪತ್ತೈದು ಮೂವತ್ತು ಮೀಟರಿನ ಒಳಗೆ ಮಾತ್ರ ನಂಬಬಹುದಾದ ತೋಟೆಯನ್ನು ಊರಿನ ಶೂರರು ಎಪ್ಪತ್ತು ಮೀಟರಿಗೆ ಹಾರಿಸುತ್ತಾರೆ, ಅದೂ ರಾತ್ರಿ, ಅದೂ ಬ್ಯಾಟರಿ ಬೆಳಕಿಗೆ. ಬೆಳಗ್ಗೆ ರಕ್ತದ ಹನಿ ಹುಡುಕಿಕೊಂಡು ಹೋಗಿ, ಜಡ್ಡು ಸಿಕ್ಕಲ್ಲಿ ದಾರಿ ತಪ್ಪಿ ವಾಪಸು ಬರುತ್ತಾರೆ. ಕೇಪಿನ ಕೋವಿಯಂತೂ ಇನ್ನೂ ಕಷ್ಟ. ಒಂದು ಸಲ ಹಾಕಿದ ಮದ್ದು ಇನ್ನೊಂದು ಸಲದಷ್ಟಿರುವುದಿಲ್ಲ, ಎರಡನೇ ಈಡಿಗೆ ತುಂಬಿಕೊಳ್ಳುವ ಹೊತ್ತಿಗೆ ಗಾಯದ ಪ್ರಾಣಿ ಘಟ್ಟ ಹತ್ತಿರುತ್ತದೆ.

ಅಂದರೆ ಬೋರಿನ ಲೆಕ್ಕದಿಂದಲೇ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನಮಗೆ ಕೊಟ್ಟ ಕೋವಿ ಜಿಂಕೆಯ ಕೋವಿಯೇ ಅಲ್ಲ. ತೋಟಕ್ಕೆ ನುಗ್ಗಿದ್ದನ್ನು ಸದ್ದಿನಿಂದ ಓಡಿಸಲು, ಹತ್ತಿರದ ಅಪಾಯ ತಡೆಯಲು ಅದನ್ನು ಕೊಟ್ಟದ್ದು.

ಹಾಗಾದರೆ ರೈಫಲು ಮಾಡಿಸೋಣ ಎನ್ನುತ್ತೀ. .303, 7.62 ಮಿಲಿಮೀಟರಿನಂಥ ಸೈನ್ಯದ ತೋಟೆ ಹಿಡಿಯುವ ರೈಫಲುಗಳಿಗೆ ನಮ್ಮಂಥವರಿಗೆ ಪರವಾನಗಿ ಸಿಗುವುದಿಲ್ಲ. ಸಿಗಬಹುದಾದವು ಇಶಾಪುರದ ಕಾರ್ಖಾನೆಯ .315, ಇಲ್ಲವೇ .30-06. .315ರ ಗುಂಡು 244 ಗ್ರೇನು, ಹದಿನಾರು ಗ್ರಾಮಿನ ಹತ್ತಿರ. ಭಾರದ ಗುಂಡು, ಮೆತ್ತನೆ ಮೂತಿ, ಕಡವೆಗೆ ಸಾಲದು ಎಂದು ಯಾರೂ ಹೇಳಲಾರರು. ಈ ಗುಂಡು ಎಲ್ಲಿ ನಿಲ್ಲುತ್ತದೆ ಎಂಬುದೇ ನನ್ನ ಚಿಂತೆ. ನಳಿಗೆ ಮೇಲೆತ್ತಿ ಹಾರಿಸಿದ .30-06ರ ಗುಂಡು ನಾಲ್ಕು ಕಿಲೋಮೀಟರು ದಾಟಿಯೂ ಹೋಗಬಲ್ಲದು. ಮುರ್ಡೇಶ್ವರದ ಮೂಡಲ ಗುಡ್ಡದ ಮೇಲೆ ನಿಂತು ಪಡುವಲಿಗೆ ನೋಡು. ಗುಡ್ಡದ ಬುಡದಲ್ಲಿ ಕೇರಿ, ಆಚೆಗೆ ಕೊಂಕಣ ರೈಲಿನ ಹಳಿ, ಮತ್ತೆ ಹೆದ್ದಾರಿ, ಮತ್ತೆ ಮೀನುಗಾರರ ಮನೆ, ಸಮುದ್ರ. ಶಿರಾಲಿ, ಮಂಕಿ, ಹಳದೀಪುರ ಎಲ್ಲ ಕಡೆಯೂ ಹೀಗೆಯೇ. ಘಟ್ಟಕ್ಕೂ ಕಡಲಿಗೂ ನಡುವೆ ಸಿಕ್ಕಿದ ಈ ಇಕ್ಕಟ್ಟಿನ ನೆಲದಲ್ಲಿ ರೈಫಲಿನ ಗುಂಡಿಗೆ ಖಾಲಿ ಜಾಗವೆಂಬುದೇ ಇಲ್ಲ. ಮೇಲೆ ಕೆಂಪುಕಲ್ಲಿನ ಗುಡ್ಡ. ಕಲ್ಲಿಗೆ ಓರೆಯಾಗಿ ಬಡಿದ ಗುಂಡು ಯಾವ ದಿಕ್ಕಿಗೆ ಚಿಮ್ಮುತ್ತದೆಂದು ಹಾರಿಸಿದವನಿಗೆ ಗೊತ್ತಿರುವುದಿಲ್ಲ. ಎಲ್‌ಜಿಯ ಒಂದು ಚರೆ ಕೂಡ ಏಳುನೂರು ಮೀಟರಿನ ಹತ್ತಿರ ಹೋಗಿ ಬೀಳುತ್ತದೆ. ಸಣ್ಣ ಚರೆಯಾದರೂ ಇನ್ನೂರೈವತ್ತು. ನಮ್ಮ ಊರಿನಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ಅಷ್ಟು ದೂರ ಎಲ್ಲಿದೆ?

ಇನ್ನು ಕಾನೂನು. ಇದನ್ನು ಹಿಂದಕ್ಕೆ ಇಟ್ಟದ್ದು ಅದು ಸಣ್ಣದೆಂದಲ್ಲ, ನಿನ್ನ ಓರಗೆಯವರು ಕಾನೂನೆಂದರೆ ಸಿಕ್ಕಿಬೀಳುವ ಭಯ ಎಂದಷ್ಟೇ ತಿಳಿದಿದ್ದೀರಿ ಎಂದು. ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲಕ್ಕೂ ಶಿಕಾರಿಗೆ ಕಟ್ಟುಪಾಡಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಕೆಲವು ಪ್ರಾಣಿಗಳಿಗೆ ಬೇಟೆಯ ಪರವಾನಗಿ ಕೊಡುವ ಪದ್ಧತಿ ಉಳಿದಿತ್ತು. 1991ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ಹಾಗಾಗಿ ಹಳಬರು "ನಾವು ಪರ್ಮಿಟ್ಟಿನ ಮೇಲೆ ಹೊಡೆದಿದ್ದೆವು" ಎಂದರೆ ಸುಳ್ಳಾಗಬೇಕೆಂದಿಲ್ಲ. ಆದರೆ ಆ ಕಾಲ ಮುಗಿದಿದೆ. ಈಗ ಜಿಂಕೆ, ಕಡವೆ, ಕಾಡುಕುರಿ, ಬರಿಂಕ ಯಾವುದನ್ನೂ ಬೇಟೆಯಾಡುವಂತಿಲ್ಲ. ಬೇಟೆ ಎಂಬುದಕ್ಕೆ ಕಾಯ್ದೆ ಕೊಟ್ಟ ಅರ್ಥ ತಿಳಿದುಕೊ. ಕೊಲ್ಲುವುದು ಮಾತ್ರವಲ್ಲ, ಉರುಳು ಹಾಕುವುದು, ವಿಷವಿಡುವುದು, ಗಾಯಮಾಡುವುದು, ಅದಕ್ಕೆಂದು ಸೋವಿ ಓಡಿಸುವುದು, ಇವುಗಳಿಗೆ ಪ್ರಯತ್ನಿಸುವುದು ಕೂಡ ಬೇಟೆಯೇ. ಗುರಿ ತಪ್ಪಿತು, ಏನೂ ಆಗಲಿಲ್ಲ ಎಂಬ ಮಾತು ನಡೆಯುವುದಿಲ್ಲ. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಕ್ಕೆ 3 ವರ್ಷದ ತನಕ ಜೈಲು, 1 ಲಕ್ಷ ರೂಪಾಯಿ ತನಕ ದಂಡ. ಒಂದನೇ ಪಟ್ಟಿಯ ಪ್ರಾಣಿಯಾದರೆ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದರೆ 3 ವರ್ಷಕ್ಕೆ ಕಡಿಮೆಯಿಲ್ಲದಂತೆ 7 ವರ್ಷದ ತನಕ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ ನಿಮ್ಮ ತೋಟದಿಂದ ಎಷ್ಟು ದೂರ ಎಂದು ನಿನಗೇ ಗೊತ್ತು. ಹೊಡೆದ ಪ್ರಾಣಿ ಸರ್ಕಾರದ ಸೊತ್ತು. ಅಪರಾಧಕ್ಕೆ ಬಳಸಿದ ಕೋವಿ, ಬೈಕು, ಜೀಪು ಹಿಡಿದರೆ ಅವೂ ಹಾಗೆಯೇ. ಶಿಕ್ಷೆಯಾದರೆ ಕೋವಿಯ ಪರವಾನಗಿ ರದ್ದುಮಾಡಲು ನ್ಯಾಯಾಲಯ ಹೇಳಬಹುದು, ಐದು ವರ್ಷ ಹೊಸದು ಸಿಗದು. ಒಂದು ರಾತ್ರಿಯ ಮಾಂಸದಾಸೆಗೆ ಎರಡು ತಲೆಮಾರು ಜೋಪಾನ ಮಾಡಿದ ಕೋವಿ ಹೋಗುತ್ತದೆ, ಆಮೇಲೆ ಹಂದಿ ಬಂದಾಗ ಮನೆಯಲ್ಲಿ ಸದ್ದು ಮಾಡಲೂ ಏನಿರುವುದಿಲ್ಲ.

ಪೆನ್ಸಿಲ್ವೇನಿಯದಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು ಎಂದು ನೀನು ಕೇಳಬಹುದು. ಅಲ್ಲಿ ತೋಳವನ್ನು ಹಿಂದಿನವರೇ ಮುಗಿಸಿದರು, ಜಿಂಕೆಯನ್ನು ತಿನ್ನುವ ದೊಡ್ಡ ಪ್ರಾಣಿ ಹೆಚ್ಚು ಉಳಿಯಲಿಲ್ಲ. ಹಾಗಾಗಿ ಸರ್ಕಾರವೇ ಎಣಿಸಿ, ತಿಂಗಳು ಗೊತ್ತುಮಾಡಿ, ತರಗತಿ ಕೊಟ್ಟು, ಕಿತ್ತಳೆ ಬಟ್ಟೆ ಕಡ್ಡಾಯಮಾಡಿ ಬೇಟೆಗೆ ಬಿಡುತ್ತದೆ. ಮರಿ ಸಾಕುವ ಕಾಲ ತಪ್ಪಿಸಿ ಸೀಸನ್ನು ಇಡುತ್ತದೆ. ನಮ್ಮ ಕಾಡುಕುರಿಗೆ ಮರಿ ಹಾಕಲು ಒಂದು ಕಾಲವೆಂಬುದಿಲ್ಲ, ವರ್ಷದ ಯಾವ ತಿಂಗಳಲ್ಲೂ ಬಸಿರಿಯೋ ಬಾಣಂತಿಯೋ ಇರಬಹುದು. ನಮ್ಮ ಕಾಡಿನಲ್ಲಿ ಚಿರತೆ ಇದೆ, ಕಾಡುನಾಯಿ ಇದೆ, ಘಟ್ಟದ ಮೇಲೆ ಹುಲಿಯೂ ಓಡಾಡುತ್ತದೆ. ಅವುಗಳ ಅನ್ನ ಈ ಕಡವೆ, ಕಾಡುಕುರಿ, ಹಂದಿ. ಆ ಅನ್ನ ಕಿತ್ತುಕೊಂಡರೆ ಚಿರತೆ ಕೊಟ್ಟಿಗೆಗೆ ಬರುತ್ತದೆ, ಮನೆಯ ನಾಯಿಯನ್ನು ಎತ್ತುತ್ತದೆ. ನೆಲ್ಲಿಕಾಯಿ ನುಂಗಿ, ಮೆಲುಕು ಹಾಕುವಾಗ ಬೀಜ ಉಗಿದು ಬೆಟ್ಟದ ತುಂಬ ನೆಲ್ಲಿ ಹಬ್ಬಿಸುವವೂ ಈ ಜಿಂಕೆಗಳೇ. ನಿಮ್ಮ ಸೊಪ್ಪಿನ ಬೆಟ್ಟದ ನೆಲ್ಲಿಮರವನ್ನು ನೆಟ್ಟವರು ಯಾರೆಂದು ಯೋಚಿಸು.

ರಾತ್ರಿ ಬ್ಯಾಟರಿ ಹಿಡಿದು ಹೋಗುವವರ ಜೊತೆ ಸೇರಬೇಡ ಎಂದು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಬೆಳಕಿಗೆ ಹೊಳೆಯುವ ಕಣ್ಣು ಕಡವೆಯದೂ ಆಗಬಹುದು, ಮೇಯಲು ಬಿಟ್ಟ ದನದ್ದೂ ಆಗಬಹುದು, ನಾಯಿಯದೂ ಆಗಬಹುದು. ಪೊದೆಯ ಹಿಂದೆ ಮನುಷ್ಯ ಕೂತಿದ್ದರೆ ಅವನ ಕಣ್ಣು ಹೊಳೆಯುವುದೂ ಇಲ್ಲ. ಮೊದಲ ಮಳೆಗೆ ಹತ್ತುಮೀನು ಹಿಡಿಯಲು, ಏಡಿ ಹಿಡಿಯಲು ಗದ್ದೆಬಯಲಲ್ಲಿ ಎಷ್ಟು ಜನ ದೀಪ ಹಿಡಿದು ತಿರುಗುತ್ತಾರೆ! ಬೇಸಿಗೆಯಲ್ಲಿ ಯಕ್ಷಗಾನ ಮುಗಿಸಿ ನಸುಕಿನಲ್ಲಿ ಹಾಡಿಯ ಒಳದಾರಿಯಿಂದ ಮನೆಗೆ ಬರುವವರಿದ್ದಾರೆ. ಶಿಕಾರಿಗೆ ಹೋದವರಲ್ಲೇ ಒಬ್ಬನ ಈಡು ಇನ್ನೊಬ್ಬನಿಗೆ ತಾಗಿ ಸತ್ತ ಸುದ್ದಿ ಮಲೆನಾಡಿನಿಂದಲೂ ಕರಾವಳಿಯಿಂದಲೂ ಬರುತ್ತಲೇ ಇರುತ್ತದೆ. ಸತ್ತವನು ಹೆಚ್ಚಾಗಿ ಗೆಳೆಯನೋ ನೆಂಟನೋ ಆಗಿರುತ್ತಾನೆ. ಪ್ರಾಣಿಯ ದಾರಿಗೆ ಕೋವಿ ಕಟ್ಟಿ ದಾರ ಎಳೆಯುವ ಕೆಲಸವಂತೂ ಪಾಪದ್ದು. ಆ ದಾರಕ್ಕೆ ಸೌದೆಗೆ ಹೋದ ಹೆಂಗಸಿನ ಕಾಲೂ ಸಿಗುತ್ತದೆ.

ಇಷ್ಟು ಹೇಳಿದ ಮೇಲೆ ನಿಮ್ಮ ನಷ್ಟದ ಬಗ್ಗೆ ಹೇಳದಿದ್ದರೆ ಅನ್ಯಾಯ. ಕಡವೆ ಒಂದು ರಾತ್ರಿಯಲ್ಲಿ ಎಳೆ ಅಡಿಕೆಸಸಿಯ ಸುಳಿ ತಿಂದು ಮೂರು ವರ್ಷದ ಆರೈಕೆಯನ್ನು ನೆಲಸಮ ಮಾಡುತ್ತದೆ. ಹಂದಿ ಗದ್ದೆ ಹೊರಳಿ ಹಾಕುತ್ತದೆ, ಮುಳ್ಳುಹಂದಿ ತೆಂಗಿನ ಸಸಿ ಕೊರೆಯುತ್ತದೆ, ಮಂಗ ಎಳನೀರು ಕೆಡವುತ್ತದೆ. ನಿನ್ನ ಅಪ್ಪ ಸಾಲ ಮಾಡಿ ಇಟ್ಟ ಬಾಳೆಯನ್ನು ಕಳೆದುಕೊಂಡು ಕೂತ ಬೆಳಗ್ಗೆ ಅವನ ಮುಂದೆ ಜೀವಜಾಲದ ಪಾಠ ಹೇಳುವ ಧೈರ್ಯ ನನಗಿಲ್ಲ. ಈ ಹೊರೆಯನ್ನು ಕಾಡಂಚಿನ ರೈತ ಒಬ್ಬನೇ ಹೊರಬೇಕಾಗಿರುವುದು ಸರಿಯಲ್ಲ ಎಂಬುದೇ ನನ್ನ ಅಭಿಪ್ರಾಯ. ಕೇರಳದಲ್ಲಿ 2022ರಿಂದ ಬೆಳೆ ಹಾಳುಮಾಡುವ ಕಾಡುಹಂದಿಯ ವಿಷಯದಲ್ಲಿ ಪಂಚಾಯಿತಿ ಅಧ್ಯಕ್ಷರಿಗೇ ಆದೇಶ ಕೊಡುವ ಅಧಿಕಾರ ಕೊಟ್ಟಿದ್ದಾರೆ. ವನ್ಯಜೀವಿ ಕಾಯ್ದೆಯ 11ನೇ ಕಲಮಿನಲ್ಲಿ ಜೀವಕ್ಕೆ, ಬೆಳೆಗೆ ಅಪಾಯವಾದ ಎರಡನೇ ಪಟ್ಟಿಯ ಪ್ರಾಣಿಯ ಬಗ್ಗೆ ಅಧಿಕಾರಿ ಬರವಣಿಗೆಯಲ್ಲಿ ಅನುಮತಿ ಕೊಡಲು ಅವಕಾಶವಿದೆ. ಆ ಬಾಗಿಲನ್ನು ನಾವು ಅರ್ಜಿ ಹಿಡಿದು, ಒಟ್ಟಾಗಿ ಬಡಿಯಬೇಕು. ನಿಮ್ಮ ಸೊಸೈಟಿಯ ಸಭೆಯಲ್ಲಿ ನೀವು ಹುಡುಗರು ಎದ್ದು ಮಾತಾಡಬೇಕಾದ್ದು ಇದರ ಬಗ್ಗೆ. ಕೈಯಲ್ಲಿ ಆದೇಶದ ಕಾಗದ ಇಲ್ಲದೆ ಹಂದಿಗೂ ಈಡು ಬೇಡ.

ಅಲ್ಲಿಯ ತನಕ ತೋಟ ಉಳಿಯುವುದು ಬೇಲಿಯಿಂದ. ಕಡವೆ ಆರಡಿಯ ಬೇಲಿಯನ್ನು ನಿಂತಲ್ಲಿಂದಲೇ ಹಾರುತ್ತದೆ, ಏಳೆಂಟು ಅಡಿ ಬೇಕು. ಹಿಂದಿನವರು ತೋಡಿದ ಅಗಳ ನಿಮ್ಮ ತೋಟದ ಮೂಡುದಿಕ್ಕಿಗೆ ಹೂಳು ತುಂಬಿ ಮುಚ್ಚಿಹೋಗಿದೆ, ಈ ಬೇಸಿಗೆಗೆ ಅದನ್ನು ತೆಗೆಸು. ಸೋಲಾರ್ ಬೇಲಿ ಹಾಕುವುದಾದರೆ ಕಂಪನಿಯ ಪೆಟ್ಟಿಗೆಯಿಂದ ಬರುವ ಬಿಟ್ಟುಬಿಟ್ಟು ಹೊಡೆಯುವ ಕರೆಂಟು ಮಾತ್ರ, ಬಳ್ಳಿ ಹಬ್ಬಿ ತಾಗದಂತೆ ವಾರಕ್ಕೊಮ್ಮೆ ಸವರಬೇಕು. ಹೆಸ್ಕಾಂ ಲೈನಿನಿಂದ ನೇರ ತಂತಿ ಎಳೆಯುವವರನ್ನು ಕಂಡರೆ ತಡೆ. ಅದು ಕೊಲೆಗೆ ಸಮ, ದನಕ್ಕೂ ಮನುಷ್ಯನಿಗೂ ವ್ಯತ್ಯಾಸ ಮಾಡುವುದಿಲ್ಲ. ಬೆಳೆ ಹೋದ ಮರುದಿನವೇ ಫೋಟೊ ತೆಗೆದು, ಪಹಣಿ ಇಟ್ಟು ವಲಯ ಅರಣ್ಯಾಧಿಕಾರಿಯ ಕಚೇರಿಗೆ ಅರ್ಜಿ ಕೊಡು. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಹೊನ್ನಾವರ ಅರಣ್ಯ ವಿಭಾಗಕ್ಕೇ ಸೇರುತ್ತವೆ. ಇ-ಪರಿಹಾರದಲ್ಲಿ ಅರ್ಜಿ ದಾಖಲಾಯಿತೋ ಎಂದು ಕೇಳಿ ನಂಬರು ತೆಗೆದುಕೊ. ಬರುವ ಹಣ ನಷ್ಟಕ್ಕೆ ಸಮನಾಗದು, ಆದರೆ ದಾಖಲೆಯಿಲ್ಲದ ನಷ್ಟ ಸರ್ಕಾರದ ಲೆಕ್ಕದಲ್ಲಿ ಆಗಿಯೇ ಇಲ್ಲ. ನಮ್ಮವರು ಗೊಣಗುತ್ತಾರೆ, ಅರ್ಜಿ ಹಾಕುವುದಿಲ್ಲ. ಆಮೇಲೆ ಇಲ್ಲಿ ಹಾವಳಿಯೇ ಇಲ್ಲ ಎಂದು ಮೇಲಿನವರು ಹೇಳಿದರೆ ಎದುರು ಹೇಳಲು ಕೈಯಲ್ಲಿ ಏನಿರುತ್ತದೆ?

ಕೋವಿ ಮನೆಯಲ್ಲಿ ಇರುವ ಮೇಲೆ ಅದರ ತೋಟೆ ಆರಿಸುವುದನ್ನು ನೀನು ಕಲಿಯಲೇಬೇಕು. ಇಲ್ಲಿ ನಿನ್ನ ಪ್ರಶ್ನೆಗೆ ನೇರ ಉತ್ತರ ಕೊಡುವ ಜಾಗ ಬಂತು. ಹಳೆಯ 12 ಬೋರಿನ ಕೋವಿಗಳಲ್ಲಿ ತೋಟೆಯ ಕೋಣೆ 65 ಮಿಲಿಮೀಟರಿನದೂ ಇವೆ, 70ರದೂ ಇವೆ. 70ರ ತೋಟೆ 65ರ ಕೋಣೆಯೊಳಗೆ ಸರಾಗವಾಗಿ ಕೂರುತ್ತದೆ, ಮೋಸ ಇರುವುದು ಅಲ್ಲೇ. ಹಾರಿದಾಗ ಅದರ ಮಡಿಕೆ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ, ನಳಿಗೆ ಸೀಳಬಹುದು. ನಿಮ್ಮದು ಯಾವುದೆಂದು ನಳಿಗೆಯ ಬುಡದ ಗುರುತು ನೋಡಿ, ತಿಳಿಯದಿದ್ದರೆ ಪರವಾನಗಿ ಇರುವ ಕೋವಿ ರಿಪೇರಿಯವನಿಂದ ಅಳೆಸಿಯೇ ತೋಟೆ ಕೊಳ್ಳು. ಕಬ್ಬಿಣದ ಪಟ್ಟಿ ತಿರುಚಿ ಬೆಸೆದ ನಳಿಗೆಗಳಿವೆ, ಮೇಲ್ಮೈಯಲ್ಲಿ ಅಲೆಯಂಥ ಗೆರೆ ಕಾಣುತ್ತದೆ. ಅವು ಕಪ್ಪುಮದ್ದಿನ ಕಾಲದವು, ಈಗಿನ ತೋಟೆಗೆ ಸಲ್ಲವು. ಅಂಥದ್ದನ್ನು ಹಾರಿಸಲೇಬೇಡ. ಜೋಡುನಳಿಗೆಯಲ್ಲಿ ಸಾಮಾನ್ಯವಾಗಿ ಎಡಗಡೆಯದಕ್ಕೆ ಚೋಕು ಹೆಚ್ಚು. ಒಂಟಿಗುಂಡಿನ ತೋಟೆಯನ್ನು ಬಿಗಿ ಚೋಕಿನಿಂದ ಹಾಯಿಸಬಾರದು. ಕೇಪಿನ ಕೋವಿಗೆ ತೋಟೆ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು ಹಾಕಿದವರು ಕೈ ಕಳೆದುಕೊಂಡಿದ್ದಾರೆ. ಒಳಗೆ ಈಡು ಇದೆಯೋ ಇಲ್ಲವೋ ಎಂಬ ಅನುಮಾನದಲ್ಲಿ ಇನ್ನೊಂದು ಈಡು ತುಂಬಿದವರೂ ಹಾಗೆಯೇ. ಗಜದ ಕೋಲು ಇಳಿಸಿ ಆಳ ನೋಡಿದರೆ ಒಳಗಿರುವುದು ತಿಳಿಯುತ್ತದೆ.

ಸದ್ದಿಗೆ ಹಾರಿಸುವುದಾದರೆ ಸಣ್ಣ ಚರೆಯ ತೋಟೆ ಸಾಕು. ಎಲ್‌ಜಿ ಮನೆಯಲ್ಲಿ ಇಡುವುದೇ ಬೇಡ, ಇದ್ದದ್ದು ಒಂದು ದಿನ ಕೈಯನ್ನು ಎಳೆಯುತ್ತದೆ. ತೋಟದ ಇಳಿಜಾರಿನ ಎದುರಿನ ದರೆಗೆ, ಮಣ್ಣು ನೋಡಿ, ಆಚೆಗೆ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಹಾರಿಸು, ಆಕಾಶಕ್ಕಲ್ಲ. ಮದುವೆ, ಹಬ್ಬದ ಸಂಭ್ರಮಕ್ಕೆ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ 2 ವರ್ಷದ ತನಕ ಜೈಲು, 1 ಲಕ್ಷದ ತನಕ ದಂಡ. ಬಹಳ ರಾತ್ರಿಗಳಿಗೆ ಗರ್ನಾಲು, ಡಬ್ಬಿಯ ಸದ್ದೇ ಸಾಕಾಗುತ್ತದೆ.

ಮೂರು ಸಾವಿರ ಮಿಲಿಮೀಟರು ಮೀರಿ ಮಳೆ ಸುರಿಯುವ, ಉಪ್ಪುಗಾಳಿ ಬೀಸುವ ಊರು ನಮ್ಮದು. ಆಷಾಢದಲ್ಲಿ ಕಾಗದದ ತೋಟೆ ಉಬ್ಬುತ್ತದೆ, ಹಿತ್ತಾಳೆಗೆ ಹಸಿರು ಹಿಡಿಯುತ್ತದೆ. ಉಬ್ಬಿದ್ದನ್ನು ಒತ್ತಿ ತುರುಕಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಒಲೆಯ ಹೊಗೆ ತಾಗದ ಒಣಜಾಗದಲ್ಲಿ, ಕೋವಿಯಿಂದ ಬೇರೆಯಾಗಿ, ಬೀಗದೊಳಗೆ ಇಡು. ಕೋವಿಯ ನಳಿಗೆಗೆ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆಬಟ್ಟೆ ಹಾಯಿಸು. ಕುದುರೆ ಎಳೆದರೂ ಹಾರದ ತೋಟೆಯಿದ್ದರೆ ತಕ್ಷಣ ಮುರಿದು ನೋಡಬಾರದು, ಬಾಯಿಯನ್ನು ದರೆಯ ಕಡೆಗೇ ಹಿಡಿದು ಒಂದು ನಿಮಿಷ ನಿಲ್ಲು. ತಡವಾಗಿ ಹೊತ್ತುವ ಮದ್ದು ಇರುತ್ತದೆ.

ಕಾಗದಪತ್ರದ್ದು ಇನ್ನೊಂದು ಕೆಲಸ ನಿನ್ನ ತಲೆಯ ಮೇಲಿದೆ. ಪರವಾನಗಿ ಅಜ್ಜನ ಹೆಸರಿನಲ್ಲಿದೆ, ಅವರ ಹೆಸರಿನ ಕೋವಿಯನ್ನು ನೀನು ಹೆಗಲಿಗೇರಿಸಿ ತೋಟಕ್ಕೆ ಹೋಗುವುದೇ ಕಾನೂನಿಗೆ ವಿರುದ್ಧ. 2016ರ ಶಸ್ತ್ರಾಸ್ತ್ರ ನಿಯಮದಲ್ಲಿ ಪರವಾನಗಿದಾರನಿಗೆ 70 ತುಂಬಿದ್ದರೆ ಅಥವಾ 25 ವರ್ಷ ಕೋವಿ ಇಟ್ಟುಕೊಂಡಿದ್ದರೆ ಅವರು ಬದುಕಿರುವಾಗಲೇ ವಾರಸುದಾರನಿಗೆ ವರ್ಗಾಯಿಸಲು ಕೇಳಬಹುದು. ಅಜ್ಜನಿಗೆ ಎರಡೂ ಅನ್ವಯಿಸುತ್ತವೆ. ಅವರು ಹೋದ ಮೇಲೆ ಠಾಣೆಗೆ ಓಡುವುದಕ್ಕಿಂತ ಈಗಲೇ ಕಾರವಾರದ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕುವುದು ಒಳ್ಳೆಯದು. ಈಗ ಪರವಾನಗಿಗೆ 5 ವರ್ಷದ ಅವಧಿ, ಮುಗಿಯುವ ಮೊದಲೇ ನವೀಕರಿಸಬೇಕು. ಚುನಾವಣೆ ಬಂದಾಗ ಕೋವಿ ಠಾಣೆಯಲ್ಲಿಡಿ ಎಂಬ ಆದೇಶ ಬರುತ್ತದೆ, ಆಗ ಬೆಳೆಯೂ ತೋಟದಲ್ಲೇ ಇರುತ್ತದೆ. ವಿನಾಯಿತಿ ಬೇಕಾದವರು ಜಿಲ್ಲೆಯ ಸ್ಕ್ರೀನಿಂಗ್ ಸಮಿತಿಗೆ ಕಾರಣ ಬರೆದು ಕೊಡಬೇಕು. ಕೊಡಗಿನ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ಪರವಾನಗಿ ವಿನಾಯಿತಿ ನಮಗಿಲ್ಲ. ಠಾಣೆಯಲ್ಲಿ ಇಟ್ಟರೆ ರಸೀದಿ ತೆಗೆದುಕೊ, ವಾಪಸು ತರುವಾಗ ನಳಿಗೆ ನೋಡಿಯೇ ಸಹಿಮಾಡು.

ಗುರಿ ಹಿಡಿಯುವ ಆಸೆ ನಿನಗೆ ನಿಜವಾಗಿ ಇದ್ದರೆ ಅದಕ್ಕೆ ಒಳ್ಳೆಯ ದಾರಿಯಿದೆ. ಹತ್ತು ಮೀಟರಿನ ಏರ್‌ರೈಫಲು ಸ್ಪರ್ಧೆಗೆ .177 ಬೋರಿನದು ಬಳಸುತ್ತಾರೆ, ಶಕ್ತಿ 20 ಜೂಲ್ ಮೀರದಿದ್ದರೆ ಅದಕ್ಕೆ ಪರವಾನಗಿಯೂ ಬೇಡ. ಹಾಗೆಂದು ಕಾಡುಕೋಳಿಗೆ ತಿರುಗಿಸಿದರೆ ವನ್ಯಜೀವಿ ಕಾಯ್ದೆ ಅದಕ್ಕೂ ಬರುತ್ತದೆ. ಉಸಿರು ಹಿಡಿಯುವುದು, ಕುದುರೆಯನ್ನು ಮೆಲ್ಲಗೆ ಒತ್ತುವುದು, ಗುರಿಯ ಹಿಂದೆ ಏನಿದೆ ಎಂದು ನೋಡುವುದು ಎಲ್ಲವನ್ನೂ ಅಲ್ಲಿ ಕಲಿಯಬಹುದು. ನೀನು ಕಲಿಯುತ್ತೇನೆಂದರೆ ಮೊದಲ ರೈಫಲಿನ ಖರ್ಚಿನಲ್ಲಿ ಅರ್ಧ ನನ್ನದು. ನಿನ್ನ ತಮ್ಮನಿಗೆ ಅವನ ಊರಿನ ನಿಯಮ ಪಾಲಿಸಿ ಹೊಡೆದದ್ದಕ್ಕೆ ಬಯ್ಯಬೇಡ, ಆದರೆ ಅವನ ಫೋಟೊ ನೋಡಿ ಇಲ್ಲಿ ತೋಟೆ ಹುಡುಕುವ ಗೆಳೆಯರಿಗೆ ಈ ಕಾಗದ ಓದಿ ಹೇಳು.

ಮುಂದಿನ ಬುಧವಾರ ಕುಮಟೆಯ ಸಂತೆಗೆ ಬರುವಾಗ ಅಜ್ಜನ ಪರವಾನಗಿ ಪುಸ್ತಕ, ನಿನ್ನ ಆಧಾರ್, ತೋಟದ ಪಹಣಿ ಮೂರನ್ನೂ ತಾ. ಕೋವಿ ತರಬೇಡ, ಅದರ ನಳಿಗೆಯ ಬುಡದಲ್ಲಿ ಕೆತ್ತಿದ ಅಕ್ಷರ, ಅಂಕಿಗಳನ್ನು ಅಜ್ಜನ ಎದುರಿಗೆ ಓದಿ, ಬರೆದುಕೊಂಡು ಬಾ. ವರ್ಗಾವಣೆಯ ಅರ್ಜಿ ಮತ್ತು ಅಗಳ ತೆಗೆಸುವ ಲೆಕ್ಕ ಎರಡನ್ನೂ ಅಂದೇ ಕೂತು ಮಾಡೋಣ.